95 ದೊಡ್ಡದಾ 93 ದೊಡ್ಡದಾ? ಒಂದು ಟರ್ಬೊ ಕಾರಿನ ಆಕ್ಟೇನ್ ಪ್ರಕರಣ

"ಮಗಾ, ಗಾಡಿ ಎಳೀತಿಲ್ಲ ಕಣೋ" ಅಂತ ಗೆಳೆಯ ಫೋನ್ ಮಾಡ್ದ. ಎಳೀತಿಲ್ಲ ಅನ್ನೋದು ಹೊಟ್ಟೆನೋವು ಅಂದ ಹಾಗೆ, ಅದರಿಂದ ಏನೂ ಗೊತ್ತಾಗಲ್ಲ, ಹಾಗಾಗಿ ಯಾವ ಗೇರು, ಎಷ್ಟು ಆರ್‌ಪಿಎಂ, ಎಂಜಿನ್ ತಣ್ಣಗಿದ್ದಾಗಲಾ ಬಿಸಿ ಆದ್ಮೇಲಾ ಅಂತೆಲ್ಲ ಕೇಳ್ದೆ. ಮೂರನೇ ಗೇರಲ್ಲಿ 3000ದಿಂದ 4500ರ ಮಧ್ಯ ಸಪ್ಪೆ ಆಗುತ್ತೆ, ಮೊದಲನೇ ಸಲ ಒತ್ತಿದ್ರೆ ಚೆನ್ನಾಗೇ ಹೋಗುತ್ತೆ, ಎರಡನೇ ಸಲ ಸ್ವಲ್ಪ ಡಲ್, ಮೂರನೇ ಸಲ ಹಿಂದಿನಿಂದ ಯಾರೋ ಹಿಡ್ಕೊಂಡ ಹಾಗಿರುತ್ತೆ ಅಂದ. ಈ "ಮೂರನೇ ಸಲ" ಅನ್ನೋ ಮಾತಲ್ಲೇ ಅರ್ಧ ಉತ್ತರ ಇತ್ತು, ಆದ್ರೆ ಆವತ್ತು ನಮ್ಮಿಬ್ಬರಿಗೂ ಅದು ಹೊಳೀಲಿಲ್ಲ.

ಗಾಡಿ ಬಗ್ಗೆ ಹೇಳ್ಬೇಕಂದ್ರೆ 2 ಲೀಟರ್ ನಾಲ್ಕು ಸಿಲಿಂಡರ್ ಟರ್ಬೊ, ಡೈರೆಕ್ಟ್ ಇಂಜೆಕ್ಷನ್. ಫ್ಯುಯೆಲ್ ಮುಚ್ಚಳದ ಒಳಗಡೆ ಸ್ಟಿಕ್ಕರಲ್ಲಿ ರಾನ್ (ಪೆಟ್ರೋಲಿನ ಆಕ್ಟೇನ್ ಅಳೆಯೋ ಒಂದು ನಂಬರ್) 98 ಹಾಕಿ, ಕನಿಷ್ಠ 95 ಅಂತ ಬರೆದಿದೆ. ಕಂಪನಿಯಿಂದ ಬಂದಾಗ ಸುಮಾರು 1 ಬಾರ್ ಬೂಸ್ಟ್ (ಟರ್ಬೊ ಒಳಗೆ ತಳ್ಳೋ ಗಾಳಿಯ ಹೆಚ್ಚುವರಿ ಒತ್ತಡ) ಇತ್ತು, ಇವನು ಅಮೆರಿಕಾದ ಒಬ್ಬ ಟ್ಯೂನರ್ ಹತ್ರ ಆನ್‌ಲೈನಲ್ಲಿ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಫೈಲ್ ತಗೊಂಡು 1.4 ಬಾರ್ ಮಾಡಿಸ್ಕೊಂಡಿದ್ದ. ಆ ಟ್ಯೂನರ್ ಎರಡು ಫೈಲ್ ಕಳ್ಸಿದ್ರು, ಒಂದಕ್ಕೆ 91 ಅಂತ ಹೆಸರು, ಇನ್ನೊಂದಕ್ಕೆ 93. ಇವನ ಬಂಕಲ್ಲಿ ಸಿಗ್ತಿದ್ದಿದ್ದು 95. ಸರಿ, 95 ಅಂದ್ರೆ 93ಕ್ಕಿಂತ ಎರಡು ಜಾಸ್ತಿನೇ ಅಲ್ವಾ, ಎರಡು ನಂಬರ್ ಕೈಯಲ್ಲಿ ಉಳಿದೇ ಇರುತ್ತೆ ಅಂತ ಖುಷಿಯಾಗಿ 93ರ ಫೈಲ್ ಹಾಕಿಸ್ಕೊಂಡ. ಇದೊಂದು ಲೆಕ್ಕ ನೆನಪಿಟ್ಕೊಳ್ಳಿ, ಇಡೀ ಪ್ರಕರಣ ಇದರ ಮೇಲೇ ನಿಂತಿರೋದು.

ಎಲ್ಲರೂ ಮಾಡೋ ಹಾಗೆ ಅವನೂ ಮೊದಲು ಟರ್ಬೊ ಮೇಲೆ ಅನುಮಾನ ಪಟ್ಟ. ಗ್ಯಾರೇಜಲ್ಲಿ ಪೈಪ್‌ಗಳಿಗೆ ಹೊಗೆ ತುಂಬಿಸಿ ಲೀಕ್ ಹುಡುಕಿದ್ರು, ಎಲ್ಲೂ ಸಿಗ್ಲಿಲ್ಲ. ಏರ್ ಫಿಲ್ಟರ್ ಬದಲಾಯಿಸಿದ್ರು, ಏನೂ ಆಗ್ಲಿಲ್ಲ. ಇಗ್ನಿಷನ್ ಕಾಯಿಲ್ ಬದಲಾಯಿಸೋಣ ಅಂತ ಮಾತು ಬಂದಾಗ ನಾನು ತಡೆದು, ಮೊದಲು ಲಾಗ್ (ಓಡೋವಾಗ ಇಸಿಯು ಕೊಡೋ ಅಂಕಿಗಳ ದಾಖಲೆ) ತಗೋ ಮಾರಾಯ, ಆಮೇಲೆ ದುಡ್ಡು ಖರ್ಚು ಮಾಡು ಅಂದೆ.

ಡೈನೋ (ಚಕ್ರದ ಪವರ್ ಅಳೆಯೋ ಯಂತ್ರ) ಮೇಲೆ ಹತ್ತಿಸಿ, ಒಂದೇ ಗೇರಲ್ಲಿ, ಮಧ್ಯ ಜಾಸ್ತಿ ಗ್ಯಾಪ್ ಕೊಡದೆ ಮೂರು ರನ್ ಮಾಡಿದ್ವಿ. ಚಕ್ರದ ಹತ್ರ ಸಿಕ್ಕಿದ ಪವರ್ 251, ಆಮೇಲೆ 238, ಆಮೇಲೆ 229 ಎಚ್‌ಪಿ. ಬೂಸ್ಟ್ ಮೂರು ಸಲಾನೂ ಕೇಳಿದಷ್ಟು ಬಂದಿದೆ, ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗೋ ಪೆಟ್ರೋಲಿನ ಒತ್ತಡ) ಬಿದ್ದಿಲ್ಲ, ಏರ್-ಫ್ಯುಯೆಲ್ ರೇಶಿಯೋನೂ ಸರಿಯಾಗೇ ಇದೆ. ಇಂಟೇಕ್ ಗಾಳಿಯ ಉಷ್ಣಾಂಶ ಮಾತ್ರ ಮೊದಲ ರನ್ ಶುರುವಲ್ಲಿ 34 ಡಿಗ್ರಿ ಇದ್ದಿದ್ದು ಮೂರನೇದು ಮುಗಿಯೋ ಹೊತ್ತಿಗೆ 58. ಇನ್ನು ಟೈಮಿಂಗ್ ಕರೆಕ್ಷನ್ (ಸ್ಪಾರ್ಕನ್ನ ಎಷ್ಟು ಡಿಗ್ರಿ ತಡ ಮಾಡಿದೆ ಅನ್ನೋದು) ಕಾಲಂ ನೋಡಿದ್ರೆ ಮೂರನೇ ರನ್ನಲ್ಲಿ ಒಂದನೇ ಸಿಲಿಂಡರ್ ಮೈನಸ್ 3, ಎರಡು ಮೈನಸ್ 4.5, ಮೂರು ಮೈನಸ್ 6, ನಾಲ್ಕು ಮೈನಸ್ 3.75. ಅಂದ್ರೆ ಇಸಿಯು ನಾಕಿಂಗ್ ಕೇಳಿಸ್ಕೊಂಡು ಸ್ಪಾರ್ಕನ್ನ ಹಿಂದಕ್ಕೆ ತಳ್ಳುತ್ತಾ ಇದೆ. ಹಿಂದಿನಿಂದ ಹಿಡ್ಕೊಂಡಿದ್ದು ಯಾರು ಅಂತ ಗೊತ್ತಾಯ್ತು.

"ನಂಗೇನೂ ಶಬ್ದ ಕೇಳಿಸ್ಲೇ ಇಲ್ವಲ್ಲ" ಅಂದ. ಹಳೇ ಕಾರುಗಳಲ್ಲಿ ನಾಕಿಂಗ್ ಅಂದ್ರೆ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಕೇಳಿಸ್ತಿತ್ತು, ಈಗಿನ ಕಾರಲ್ಲಿ ನಮ್ಮ ಕಿವಿಗೆ ಬೀಳೋಕೆ ಮುಂಚೆ ಸೆನ್ಸರ್ ಕೇಳಿಸ್ಕೊಂಡು ಅಡ್ಜಸ್ಟ್ ಮಾಡಿಬಿಡುತ್ತೆ. ಒಳಗಡೆ ಆಗೋದು ಏನಂದ್ರೆ, ಸ್ಪಾರ್ಕ್ ಆದ್ಮೇಲೆ ಬೆಂಕಿ ಮಧ್ಯದಿಂದ ಅಂಚಿಗೆ ಹರಡ್ಕೊಂಡು ಹೋಗ್ತಿರುತ್ತೆ, ಅಷ್ಟರಲ್ಲಿ ಮೂಲೆಯಲ್ಲಿ ಇನ್ನೂ ಉರೀದೆ ಉಳಿದಿರೋ ಮಿಕ್ಸ್ಚರ್ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿ, ಬೆಂಕಿ ತಲುಪೋಕೆ ಮುಂಚೆ ತಾನೇ ಒಟ್ಟಿಗೆ ಸಿಡಿದುಬಿಡುತ್ತೆ. ಆ ಹೊಡೆತಕ್ಕೆ ಸಿಲಿಂಡರ್ ಒಳಗಡೆ ಗಾಳಿ ಗಂಟೆ ಬಾರಿಸಿದ ಹಾಗೆ ಮೊಳಗುತ್ತೆ, 86 ಮಿಲಿಮೀಟರ್ ಬೋರ್ ಇರೋ ಎಂಜಿನ್ನಲ್ಲಿ ಸುಮಾರು 6.7 ಕಿಲೋಹರ್ಟ್ಸ್ ಹತ್ರ, ಬ್ಲಾಕ್‌ಗೆ ಬೋಲ್ಟ್ ಮಾಡಿರೋ ಸೆನ್ಸರ್ ಕಾಯ್ತಾ ಇರೋದು ಆ ಸದ್ದಿಗೇ. ಕೇಳಿಸಿದ ತಕ್ಷಣ ಟೈಮಿಂಗ್ ಕೆಲವು ಡಿಗ್ರಿ ಎಳೆದು, ಆಮೇಲೆ ಸ್ವಲ್ಪಸ್ವಲ್ಪವಾಗಿ ವಾಪಸ್ ಕೊಡುತ್ತೆ. ಟೈಮಿಂಗ್ ಲೇಟಾದ್ರೆ ಟಾರ್ಕ್ ಕಮ್ಮಿ, ಎಕ್ಸಾಸ್ಟ್ ಇನ್ನೂ ಬಿಸಿ, ಟರ್ಬೊ ಇನ್ನೂ ಬಿಸಿ. ಟರ್ಬೊದಿಂದ ಬರೋ ಗಾಳಿನ ತಂಪು ಮಾಡೋ ಇಂಟರ್‌ಕೂಲರ್ ಕಾದ್ಮೇಲೆ ಮೂಲೆಯ ಆ ಮಿಕ್ಸ್ಚರ್ ಶುರುವಲ್ಲೇ ಬಿಸಿ ಇರೋದ್ರಿಂದ ಇನ್ನೂ ಬೇಗ ಸಿಡಿಯುತ್ತೆ, ಮೂರನೇ ಸಲ ಒತ್ತಿದಾಗ ಗಾಡಿ ಸತ್ತ ಹಾಗಾಗ್ತಿದ್ದಿದ್ದು ಇದಕ್ಕೇ.

ಆಕ್ಟೇನ್ ನಂಬರ್ ಹೇಳೋದು ಈ ತಾನಾಗೇ ಸಿಡಿಯೋದನ್ನ ಪೆಟ್ರೋಲ್ ಎಷ್ಟು ತಡ್ಕೊಳ್ಳುತ್ತೆ ಅನ್ನೋದನ್ನ ಮಾತ್ರ. ಜಾಸ್ತಿ ಆಕ್ಟೇನ್ ಅಂದ್ರೆ ಜಾಸ್ತಿ ಶಕ್ತಿ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಎಥನಾಲ್ ತಗೊಳ್ಳಿ, ರಾನ್ 108ರ ಆಸುಪಾಸು ಇದೆ, ಆದ್ರೆ ಲೀಟರಿಗೆ ಲೀಟರ್ ಹೋಲಿಸಿದ್ರೆ ಅದರಲ್ಲಿರೋ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. ಜಾಸ್ತಿ ತಡ್ಕೊಳ್ಳೋ ಪೆಟ್ರೋಲ್ ಇದ್ರೆ ಬೂಸ್ಟ್ ಏರಿಸಬಹುದು, ಸ್ಪಾರ್ಕ್ ಮುಂಚೆ ಕೊಡಬಹುದು, ಪವರ್ ಬರೋದು ಅಲ್ಲಿಂದ. ಅದನ್ನ ಉಪಯೋಗಿಸ್ಕೊಳ್ಳೋ ಟ್ಯೂನ್ ಇಲ್ಲದ ಗಾಡಿಗೆ 98 ಹಾಕೋದು ಈಜು ಬರದೋನಿಗೆ ದೊಡ್ಡ ಕೆರೆ ತೋರಿಸಿದ ಹಾಗೆ.

ಈಗ 95, 93ರ ವಿಷಯಕ್ಕೆ ಬರ್ತೀನಿ. 1926ರಲ್ಲಿ ಎಥಿಲ್ ಕಾರ್ಪೊರೇಷನ್ನಿನ ಗ್ರಹಾಂ ಎಡ್ಗರ್ ಅನ್ನೋ ರಸಾಯನಶಾಸ್ತ್ರಜ್ಞ ಈ ಅಳತೆ ಮುಂದಿಟ್ಟಿದ್ದು, ಚೆನ್ನಾಗಿ ತಡ್ಕೊಳ್ಳೋ ಐಸೊ-ಆಕ್ಟೇನ್‌ಗೆ 100, ಬೇಗ ಸಿಡಿಯೋ ಹೆಪ್ಟೇನ್‌ಗೆ 0. ಶುದ್ಧ ಹೆಪ್ಟೇನ್ ಎಲ್ಲಿಂದ ತರ್ತಿದ್ರು ಗೊತ್ತಾ, ಜೆಫ್ರಿ ಪೈನ್ ಅನ್ನೋ ಮರದ ಅಂಟಿಂದ ಬಟ್ಟಿ ಇಳಿಸಿ, ಇದು ನಂಗೆ ಯಾವತ್ತೂ ಮಜಾ ಅನ್ಸುತ್ತೆ. 95 ಅಂದ್ರೆ 95 ಭಾಗ ಐಸೊ-ಆಕ್ಟೇನ್, 5 ಭಾಗ ಹೆಪ್ಟೇನ್ ಬೆರಕೆ ಎಷ್ಟು ತಡ್ಕೊಳ್ಳುತ್ತೋ ಅಷ್ಟು ತಡ್ಕೊಳ್ಳುತ್ತೆ ಅಂತ. ತೊಂದರೆ ಏನಂದ್ರೆ ಇದನ್ನ ಅಳೆಯೋಕೆ ಎರಡು ವಿಧಾನ ಇದೆ. ಎರಡಕ್ಕೂ ಎಂಜಿನ್ ಒಂದೇ, ಓಡ್ತಾ ಇರೋವಾಗ್ಲೇ ಕಂಪ್ರೆಷನ್ ಬದಲಾಯಿಸಬಹುದಾದ ಸಿಎಫ್‌ಆರ್ ಅನ್ನೋ ಒಂಟಿ ಸಿಲಿಂಡರ್ ಎಂಜಿನ್. ರಿಸರ್ಚ್ ವಿಧಾನದಲ್ಲಿ ಅದನ್ನ 600 ಆರ್‌ಪಿಎಮ್ಮಲ್ಲಿ ಓಡಿಸ್ತಾರೆ, ಬರೋ ನಂಬರ್ ರಾನ್. ಮೋಟಾರ್ ವಿಧಾನದಲ್ಲಿ 900 ಆರ್‌ಪಿಎಂ, ಜೊತೆಗೆ ಒಳಗೆ ಹೋಗೋ ಮಿಕ್ಸ್ಚರನ್ನ 149 ಡಿಗ್ರಿಗೆ ಕಾಯಿಸಿ ಸತಾಯಿಸ್ತಾರೆ, ಬರೋ ನಂಬರ್ ಮಾನ್, ಅದು ಬಂಕಲ್ಲಿ ಸಿಗೋ ಪೆಟ್ರೋಲಿಗೆ ಸುಮಾರು 8ರಿಂದ 12 ಕಮ್ಮಿ ಬರುತ್ತೆ.

ಯುರೋಪ್ ಸೇರಿ ಪ್ರಪಂಚದ ಹೆಚ್ಚಿನ ಕಡೆ ಪಂಪಿನ ಮೇಲೆ ಬರೆಯೋದು ರಾನ್. ಅಮೆರಿಕಾದಲ್ಲಿ ಎರಡನ್ನೂ ಕೂಡಿಸಿ ಅರ್ಧ ಮಾಡಿ ಬರೀತಾರೆ, ಅಲ್ಲಿನ ಪಂಪಿನ ಹಳದಿ ಚೀಟಿ ಮೇಲೆ (ಆರ್+ಎಂ)/2 ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಅದಕ್ಕೆ ಎಕೆಐ ಅಂತಾರೆ. ಯುರೋಪಿನ 98ಕ್ಕೆ ಮಾನ್ 88 ಹಿಡ್ಕೊಂಡ್ರೆ ಎಕೆಐ 93. 95ಕ್ಕೆ ಮಾನ್ 85, ಎಕೆಐ 90. ನನ್ನ ಗೆಳೆಯ ಎರಡು ನಂಬರ್ ಲಾಭ ಅಂದ್ಕೊಂಡಿದ್ದಲ್ಲ, ನಿಜವಾಗಿ ಮೂರು ನಂಬರ್ ನಷ್ಟದಲ್ಲಿದ್ದ, 98 ಬೇಕಾಗಿರೋ ಟ್ಯೂನ್‌ಗೆ 95 ಕುಡಿಸ್ತಾ ಇದ್ದ. 91ರ ಫೈಲ್ ಯಾಕೆ ಮಾಡ್ತಾರೆ ಅಂದ್ರೆ ಕ್ಯಾಲಿಫೋರ್ನಿಯಾದ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗೋ ಪ್ರೀಮಿಯಂ ಅಷ್ಟೇ, 91. ಇವನಿಗೆ ಹತ್ರ ಆಗ್ತಿದ್ದಿದ್ದು ಆ ಫೈಲು, ಅದು ಅಷ್ಟು ದಿನ ಇಮೇಲಲ್ಲಿ ಹಾಗೇ ಬಿದ್ದಿತ್ತು.

ಇದನ್ನ ಹೇಳ್ದಾಗ ಅವನ ಮುಖ ನೋಡ್ಬೇಕಿತ್ತು. ಆಮೇಲೆ ಮೆಲ್ಲಗೆ ಡಿಕ್ಕಿ ತೆಗೆದು ತೋರಿಸ್ದ, ಆಕ್ಟೇನ್ ಬೂಸ್ಟರಿನ ಮೂರು ಖಾಲಿ ಬಾಟಲಿ. ನಂಗೆ ಹೇಳೋಕೆ ನಾಚಿಕೆಯಾಗಿ ಮುಚ್ಚಿಟ್ಟಿದ್ದ. ಬಾಟಲಿ ಮೇಲೆ "30 ಪಾಯಿಂಟ್‌ವರೆಗೂ ಏರಿಕೆ" ಅಂತ ದಪ್ಪಕ್ಷರ, ಇವನು 95ಕ್ಕೆ 30 ಕೂಡಿಸಿ 125 ಅಂದ್ಕೊಂಡಿದ್ದ ಪುಣ್ಯಾತ್ಮ. ಈ ವ್ಯಾಪಾರದಲ್ಲಿ ಒಂದು ಪಾಯಿಂಟ್ ಅಂದ್ರೆ ಆಕ್ಟೇನ್ ನಂಬರಿನ ಹತ್ತನೇ ಒಂದು ಭಾಗ, ಹಾಗಾಗಿ 30 ಪಾಯಿಂಟ್ ಅಂದ್ರೆ 3 ನಂಬರು, ಅದೂ "ವರೆಗೂ", ಅದೂ ಬಾಟಲಿ ಹಿಂದೆ ಬರೆದಿರೋ ಲೀಟರ್ ಲೆಕ್ಕಕ್ಕೆ ಮಾತ್ರ. ಪ್ಲಗ್ ಬಿಚ್ಚಿ ನೋಡಿದ್ರೆ ಪಿಂಗಾಣಿ ಪೂರ್ತಿ ಇಟ್ಟಿಗೆ ಬಣ್ಣ. ಇಂಥ ಬಾಟಲಿಗಳಲ್ಲಿ ತುಂಬಾ ಸಲ ಇರೋದು ಎಂಎಂಟಿ ಅನ್ನೋ ಮ್ಯಾಂಗನೀಸ್ ಸಂಯುಕ್ತ, ಉರಿದಾಗ ಉಳಿಯೋ ಆಕ್ಸೈಡ್ ಹೀಗೆ ಕೆಂಪಗೆ ಕೂತ್ಕೊಳ್ಳುತ್ತೆ. ನಾಲ್ಕೂ ಪ್ಲಗ್ ಹೊಸದು ಹಾಕಿದ್ವಿ, ಬಾಟಲಿ ಅಧ್ಯಾಯ ಅಲ್ಲಿಗೆ ಮುಗೀತು.

ಈ ಹೊತ್ತಿಗೆ ಇನ್ನೊಬ್ಬ ಸ್ನೇಹಿತ ವಿಮಾನದ ಪೆಟ್ರೋಲ್ ತಂದುಕೊಡ್ತೀನಿ, ಅದು 100 ಅಂತೆ ಅಂದ. ಬೇಡಪ್ಪಾ ತಂದೆ. 100ಎಲ್ಎಲ್ ಅನ್ನೋ ಆ ವಿಮಾನದ ಪೆಟ್ರೋಲಲ್ಲಿ ಲೀಟರಿಗೆ 0.56 ಗ್ರಾಂವರೆಗೂ ಸೀಸ ಇರಬಹುದು, ಎಲ್ಎಲ್ ಅಂದ್ರೆ ಕಮ್ಮಿ ಸೀಸ ಅಂತ, ಹೆಸರು ನೋಡಿ ಮೋಸ ಹೋಗ್ಬೇಡಿ. ಆ ಸೀಸ ಆಕ್ಸಿಜನ್ ಸೆನ್ಸರನ್ನೂ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೊಲ್ಲುತ್ತೆ. ಆ 100 ಅನ್ನೋ ನಂಬರ್ ಕೂಡ ರಾನ್ ಅಲ್ಲ, ಮೋಟಾರ್ ವಿಧಾನಕ್ಕೆ ಹತ್ರದ್ದು. ಒಂದೇ ಪ್ರಕರಣದಲ್ಲಿ ಮೂರನೇ ಅಳತೆಗೋಲು!

ಸರಿ, 98 ಹುಡುಕೋಣ ಅಂತ ಹೊರಟ್ವಿ. ಇಲ್ಲಿ ಬ್ರ್ಯಾಂಡಿಗಿಂತ ನಾನು ನೋಡೋದು ಆ ಬಂಕಲ್ಲಿ ಪ್ರೀಮಿಯಂ ಎಷ್ಟು ಖರ್ಚಾಗುತ್ತೆ ಅನ್ನೋದು, ಯಾರೂ ಕೊಳ್ಳದೆ ನೆಲದಡಿ ಟ್ಯಾಂಕಲ್ಲಿ ತಿಂಗಳುಗಟ್ಟಲೆ ಕೂತ ಪೆಟ್ರೋಲ್ ಎಷ್ಟೇ ದೊಡ್ಡ ನಂಬರಿಂದಾದ್ರೂ ನಂಗೆ ಬೇಡ, ಲೋಡ್ ಯಾವಾಗ ಬಂತು ಅಂತ ಅಲ್ಲಿರೋ ಹುಡುಗರನ್ನ ಕೇಳಿದ್ರೆ ಸಾಮಾನ್ಯವಾಗಿ ಹೇಳ್ತಾರೆ. ಒಂದೇ ಪೈಪಲ್ಲಿ ಎಲ್ಲಾ ಗ್ರೇಡ್ ಬರೋ ಪಂಪ್ ಆದ್ರೆ ಹಿಂದಿನವರು ಹಾಕಿಸ್ಕೊಂಡಿದ್ದು ಪೈಪಲ್ಲಿ ಒಂದಿಷ್ಟು ಉಳಿದಿರುತ್ತೆ, 50 ಲೀಟರ್ ಟ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ, 5 ಲೀಟರ್ ಕ್ಯಾನ್ ತುಂಬಿಸ್ಕೊಂಡು ಟ್ರ್ಯಾಕಿಗೆ ಹೋಗೋರಿಗೆ ಲೆಕ್ಕಕ್ಕಿದೆ. ಜರ್ಮನಿಯಂಥ ಕಡೆ ಇರೋರು ಪುಣ್ಯವಂತರು, ಶೆಲ್ ವಿ-ಪವರ್ ರೇಸಿಂಗ್ 100, ಅರಾಲ್ ಅಲ್ಟಿಮೇಟ್ 102 ಅಂತ ಮಾಮೂಲಿ ಬಂಕಲ್ಲೇ ಸಿಗುತ್ತೆ. ಸಿಗದೇ ಇರೋರಿಗೆ ಉಳಿಯೋದು ಸೀಸ ಇಲ್ಲದ ರೇಸ್ ಫ್ಯುಯೆಲ್ ಬೆರೆಸೋ ದಾರಿ. ಅದರ ಲೆಕ್ಕ ಸುಲಭ, 95ನ್ನ 98 ಮಾಡೋಕೆ 100 ರಾನ್ ಫ್ಯುಯೆಲ್ ಟ್ಯಾಂಕಿನ ಶೇಕಡಾ 60 ಬೇಕು, ಅಂದ್ರೆ 50 ಲೀಟರಲ್ಲಿ 30 ಲೀಟರ್. ಅಯ್ಯೋ ಅಷ್ಟೊಂದಾ ಅಂತ ಅನ್ಸುತ್ತೆ, ಹೌದು ಅಷ್ಟೊಂದೇ. ಹಾಗೆ ತಂದಿದ್ದನ್ನ ಮುಚ್ಚಳ ಬಿಗಿಯಾಗಿರೋ ಪೆಟ್ರೋಲ್ ಕ್ಯಾನಲ್ಲಿ ನೆರಳಲ್ಲಿಡಿ, ಸಡಿಲ ಬಿಟ್ರೆ ಹಗುರವಾದ ಅಂಶ ಎಲ್ಲಾ ಮೊದಲು ಹಾರಿ ಹೋಗುತ್ತೆ.

ಇ85 (ಹೆಚ್ಚಿನ ಭಾಗ ಎಥನಾಲ್ ಇರೋ ಪೆಟ್ರೋಲ್) ಬೆರೆಸೋದನ್ನೂ ಯೋಚಿಸಿದ್ವಿ. ಎಥನಾಲ್ ಆವಿಯಾಗೋವಾಗ ಪೆಟ್ರೋಲಿಗಿಂತ ಎಷ್ಟೋ ಜಾಸ್ತಿ ಶಾಖ ಹೀರ್ಕೊಳ್ಳುತ್ತೆ, ಡೈರೆಕ್ಟ್ ಇಂಜೆಕ್ಷನ್ನಲ್ಲಿ ಅದು ಸೀದಾ ಸಿಲಿಂಡರ್ ಒಳಗೇ ತಂಪು ಮಾಡುತ್ತೆ, ಹಾಗಾಗಿ ಟರ್ಬೊ ಜನಕ್ಕೆ ಅದು ಅಂದ್ರೆ ಪ್ರಾಣ. 40 ಲೀಟರ್ ಇ10ಗೆ (ಶೇಕಡಾ 10 ಎಥನಾಲ್ ಇರೋ ಪೆಟ್ರೋಲ್) 10 ಲೀಟರ್ ಇ85 ಹಾಕಿ, ಆ ಇ85ರಲ್ಲಿ ನಿಜವಾಗ್ಲೂ 80 ಭಾಗ ಎಥನಾಲ್ ಇದ್ರೆ, ಒಟ್ಟು ಶೇಕಡಾ 24 ಆಗುತ್ತೆ. ಆ "ನಿಜವಾಗ್ಲೂ ಇದ್ರೆ" ಅನ್ನೋದೇ ಗಂಟಲಲ್ಲಿ ಸಿಕ್ಕಿದ ಮುಳ್ಳು, ಅಮೆರಿಕಾದ ನಿಯಮದಲ್ಲೇ ಇ85 ಅಂತ ಮಾರೋದ್ರಲ್ಲಿ ಶೇಕಡಾ 51ರಿಂದ 83ರವರೆಗೂ ಎಥನಾಲ್ ಇರಬಹುದು, ಋತು ನೋಡ್ಕೊಂಡು ಬದಲಾಗುತ್ತೆ. ಮೇಲಾಗಿ ಎಥನಾಲ್‌ಗೆ ಗಾಳಿ ಅನುಪಾತ 9:1, ಪೆಟ್ರೋಲಿಗೆ 14.7:1, ಹೆಚ್ಚು ಬೆರೆಸಿದಷ್ಟೂ ಇಂಜೆಕ್ಟರ್, ಪಂಪು ಎಲ್ಲಾ ಹೆಚ್ಚು ದುಡೀಬೇಕು. ಇವನ ಟ್ಯೂನ್ ಅದಕ್ಕೆ ಮಾಡಿದ್ದಲ್ಲ, ಬಿಟ್ವಿ.

ಆದ್ರೆ ಆ ನೆಪದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದ್ವಿ, ನೀವೂ ಮಾಡಬಹುದು, ಬಯಲಲ್ಲಿ, ಬೆಂಕಿ ಸಿಗರೇಟಿಂದ ದೂರ. 100 ಮಿಲಿಯ ಗಾಜಿನ ಅಳತೆ ಕೊಳವೆಗೆ 10 ಮಿಲಿ ನೀರು ಹಾಕಿ, 100ರ ಗೆರೆವರೆಗೂ ಪೆಟ್ರೋಲ್ ತುಂಬಿಸಿ, ಬಾಯಿ ಮುಚ್ಚಿ ಕುಲುಕಿ, ಹತ್ತು ನಿಮಿಷ ಸುಮ್ನೆ ಬಿಟ್ವಿ. ಎಥನಾಲ್ ಪೆಟ್ರೋಲನ್ನ ಬಿಟ್ಟು ನೀರಿನ ಜೊತೆ ಸೇರ್ಕೊಳ್ಳುತ್ತೆ. ಮೊದಲು ಎಲ್ಲಾ ಮಜ್ಜಿಗೆ ಹಾಗೆ ಬೆಳ್ಳಗಿತ್ತು, ಆಮೇಲೆ ನಿಧಾನಕ್ಕೆ ಎರಡು ಪದರ ಆಯ್ತು, ಕೆಳಗಿನ ಗೆರೆ 10ರಲ್ಲಿದ್ದಿದ್ದು 19ಕ್ಕೆ ಬಂದು ನಿಂತ್ಕೊಂಡ್ತು. 90 ಮಿಲಿ ಪೆಟ್ರೋಲಲ್ಲಿ 9 ಮಿಲಿ, ಅಂದ್ರೆ ಸುಮಾರು ಶೇಕಡಾ 10. ಅವನ ಮಾಮೂಲಿ 95 ಇ10 ಅನ್ನೋದು ಹೀಗೆ ಗೊತ್ತಾಯ್ತು. ಇದರಿಂದ ಆಕ್ಟೇನ್ ಗೊತ್ತಾಗಲ್ಲ, ಎಥನಾಲ್ ಎಷ್ಟಿದೆ ಅಂತ ಮಾತ್ರ.

ಟ್ಯಾಂಕಲ್ಲಿ 10 ಲೀಟರ್ 95 ಉಳಿದಿತ್ತು, 40 ಲೀಟರ್ 98 ತುಂಬಿಸಿದ್ವಿ, ಬೆರಕೆ ಲೆಕ್ಕದಲ್ಲಿ 97.4. ಎರಡು ದಿನ ಸುಮ್ನೆ ಓಡಿಸು, ಇಸಿಯು ಹಳೇದು ಮರೆತು ಹೊಸದು ಕಲಿಬೇಕು ಅಂದೆ, ಒಪ್ಪಲಿಲ್ಲ, ಆಮೇಲೆ ಒಪ್ಪಿದ. ಅದೇ ಡೈನೋ, ಅದೇ 34 ಡಿಗ್ರಿ ಇಂಟೇಕ್ ಬರೋವರೆಗೂ ಕಾದು ಮೂರು ರನ್. ಒಂದು, ಎರಡು, ನಾಲ್ಕನೇ ಸಿಲಿಂಡರಲ್ಲಿ ಕರೆಕ್ಷನ್ ಸೊನ್ನೆಯಿಂದ ಮೈನಸ್ 1.5ರ ಒಳಗೆ ಬಂತು. ಮೂರನೇ ಸಿಲಿಂಡರ್ ಮಾತ್ರ ಇನ್ನೂ ಮೈನಸ್ 3.

ಇಲ್ಲಿ ಅವನು ಸಾಕು ಬಿಡೋ ಅಂದ, ನಂಗೆ ಸಮಾಧಾನ ಆಗ್ಲಿಲ್ಲ. ಪೆಟ್ರೋಲ್ ಒಂದೇ ಟ್ಯಾಂಕಿಂದ ನಾಲ್ಕಕ್ಕೂ ಹೋಗುತ್ತೆ, ತಪ್ಪು ಬರೀ ಪೆಟ್ರೋಲಿಂದಾದ್ರೆ ನಾಲ್ಕೂ ಅಳಬೇಕು, ಒಂದೇ ಯಾಕೆ ಇಷ್ಟೊಂದು ಅಳ್ತಿದೆ? ಇಂಟರ್‌ಕೂಲರಿನ ಕೆಳಗಿನ ಹೋಸ್ ಬಿಚ್ಚಿದ್ರೆ ಆಯಿಲ್ ತೊಟ್ಟಿಕ್ಕಿತು, ಎರಡು ಮೂರು ಚಮಚದಷ್ಟು. ಎಂಜಿನ್ ತಳದ (ಕ್ರ್ಯಾಂಕ್‌ಕೇಸಿನ) ಆವಿಯನ್ನ ಹತೋಟಿಯಲ್ಲಿಡೋ ಪಿಸಿವಿ ವಾಲ್ವಿನ ಡಯಾಫ್ರಂ ಹರಿದುಹೋಗಿತ್ತು, ಕ್ರ್ಯಾಂಕ್‌ಕೇಸಿಂದ ಆಯಿಲ್ ಆವಿ ಇಂಟೇಕಿಗೆ ಬರ್ತಾ ಇತ್ತು. ಎಂಜಿನ್ ಆಯಿಲ್ ಸ್ಪಾರ್ಕಿಗೆ ಕಾಯೋ ಜಾತಿದಲ್ಲ, ತಾನಾಗೇ ಬೇಗ ಹೊತ್ಕೊಳ್ಳುತ್ತೆ, ಸ್ವಲ್ಪ ಸೇರಿದ್ರೂ ಒಳಗೆ ಹೋಗೋ ಮಿಕ್ಸ್ಚರಿನ ಆಕ್ಟೇನ್ ಇಳಿದುಬಿಡುತ್ತೆ, ಬಂಕಲ್ಲಿ 98 ಹಾಕಿಸಿದ್ರೂ ಆ ಸಿಲಿಂಡರ್ ಒಳಗೆ ಅದು 98 ಆಗಿ ಉಳಿದಿರಲ್ಲ. ಮ್ಯಾನಿಫೋಲ್ಡಲ್ಲಿ ಆ ಆವಿ ಬಂದು ಸೇರೋ ತೂತು ಮೂರನೇ ಸಿಲಿಂಡರಿಗೆ ಗಾಳಿ ಒಯ್ಯೋ ಕೊಳವೆ ಪಕ್ಕದಲ್ಲೇ ಇತ್ತು. ಬೋರೋಸ್ಕೋಪ್ (ಸಣ್ಣ ತೂತಿಂದ ಒಳಗೆ ನೋಡೋ ಕ್ಯಾಮೆರಾ) ಇಳಿಸಿ ನೋಡಿದ್ರೆ ಆ ವಾಲ್ವ್ ಮೇಲೆ ಕಾರ್ಬನ್ ಕೂಡ ಬೇರೆ ಮೂರಕ್ಕಿಂತ ದಪ್ಪ. ಡೈರೆಕ್ಟ್ ಇಂಜೆಕ್ಷನ್ನಲ್ಲಿ ಪೆಟ್ರೋಲ್ ಇಂಟೇಕ್ ವಾಲ್ವ್ ಮೇಲೆ ಬೀಳೋದೇ ಇಲ್ಲ, ತೊಳೆಯೋರು ಯಾರು.

ಪಿಸಿವಿ ಬದಲಾಯಿಸಿ, ಇಂಟರ್‌ಕೂಲರ್ ತೊಳೆದು, ಮತ್ತೆ 98ರ ಮೇಲೆ 93ರ ಫೈಲಲ್ಲಿ ಓಡಿಸಿದ್ವಿ. 266, 263, 261. ಮೂರನೇ ಸಿಲಿಂಡರ್ ಮೈನಸ್ 1.5. ಆಮೇಲೆ ನನ್ನ ಹಟಕ್ಕೆ ಇನ್ನೊಂದು ಪ್ರಯೋಗ ಮಾಡಿದ್ವಿ, ಟ್ಯಾಂಕ್ ಖಾಲಿ ಮಾಡಿ ಅದೇ ಹಳೇ 95 ತುಂಬಿಸಿ 91ರ ಫೈಲ್ ಹಾಕಿದ್ವಿ. 248, 246, 245. ಶುರುವಲ್ಲಿ ಇದೇ 95ರಲ್ಲಿ 93ರ ಫೈಲ್ ಕೊಟ್ಟಿದ್ದು 251, 238, 229 ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ. ಅದರಲ್ಲಿ ಆಯಿಲ್ ಆವಿಯ ಪಾಲೂ ಇತ್ತು, ಒಪ್ತೀನಿ, ಆದ್ರೂ ಮೊದಲ ರನ್ನಲ್ಲಿ ಮೂರು ಎಚ್‌ಪಿ ಜಾಸ್ತಿ ತೋರಿಸಿ ಮೂರನೇದ್ರಲ್ಲಿ ಹದಿನಾರು ಕಿತ್ಕೊಳ್ಳೋ ಫೈಲ್ ಯಾರಿಗೆ ಬೇಕು.

ಸದ್ಯಕ್ಕೆ ದಿನಾ ಓಡಾಡೋಕೆ 91ರ ಫೈಲ್, 95 ಪೆಟ್ರೋಲ್. ಟ್ರ್ಯಾಕಿಗೆ ಹೋಗೋವಾಗ ಮಾತ್ರ ಟ್ಯಾಂಕ್ ಪೂರ್ತಿ ಇಳಿಸಿ 98, ಆಮೇಲೆ ಇನ್ನೊಂದು ಫೈಲ್. ಹೊಸ ಫೈಲ್ ಮೊದಲು ಹಾಕಿ ಪೆಟ್ರೋಲ್ ಆಮೇಲೆ ಹಾಕೋದು ಬೇಡ ಅಂತ ಎರಡು ಸಲ ಹೇಳಿದೀನಿ. ಮೂರನೇ ಸಿಲಿಂಡರಿನ ವಾಲ್ವ್ ಕ್ಲೀನಿಂಗ್ ಮುಂದಿನ ಸರ್ವಿಸಿಗೆ ಬರ್ಕೊಂಡಿದೀವಿ, ಆ ಮೈನಸ್ 1.5 ಹೋಗುತ್ತಾ ನೋಡ್ಬೇಕು, ಅಲ್ಲೀತನಕ 93ರ ಫೈಲ್ ನನ್ನ ಲ್ಯಾಪ್‌ಟಾಪಲ್ಲೇ ಇರುತ್ತೆ, ಅವನ ಕೈಗೆ ಕೊಟ್ಟಿಲ್ಲ.